ಬಡ್ತಿ ಬಂತು, ಸಂಬಳ ಹಿಂದೆ ಬಿತ್ತು

ಶಿಕ್ಷಕರ ಬಡ್ತಿ ಕೌನ್ಸೆಲಿಂಗ್ ಮುಗಿದ ವಾರ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಂಬಳದ ಟೇಬಲ್ ಮುಂದೆ ಕುರ್ಚಿ ಸಾಲುತ್ತಿರಲಿಲ್ಲ. ಆ ಟೇಬಲ್‌ನಲ್ಲಿ ವರ್ಷಾನುಗಟ್ಟಲೆ ಕೂತವನು ನಾನು. ಒಮ್ಮೆ ಒಬ್ಬ ಮೇಡಂ ಬಂದರು. 24 ವರ್ಷ ಸರ್ವೀಸ್ ಆಗಿತ್ತು. ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಅಂತ ಆದೇಶ ಕೈಯಲ್ಲಿತ್ತು. "ಸರ್, ಎಷ್ಟು ಜಾಸ್ತಿ ಆಗುತ್ತೆ?" ಅಂದರು.

ಸೇವಾ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಜಾಸ್ತಿ ಆಗುವುದು ಹೆಚ್ಚುಕಡಿಮೆ ಒಂದು ಇನ್‌ಕ್ರಿಮೆಂಟ್‌ನಷ್ಟು. ಕಹಿ ಸಂಗತಿ ಅದರ ಮುಂದಿತ್ತು. ಅವರಿಗಿಂತ ಕಿರಿಯರಾಗಿ, ಸಹಶಿಕ್ಷಕರಾಗಿಯೇ ಉಳಿದವರು ಇನ್ನು ಕೆಲವು ವರ್ಷಕ್ಕೆ ಸಂಬಳದಲ್ಲಿ ಇವರನ್ನು ದಾಟಿಬಿಡಬಹುದು!

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಹುದ್ದೆಯಲ್ಲಿ ಸಿಕ್ಕಿಕೊಂಡ ನೌಕರರಿಗೆ ಅನ್ಯಾಯ ಆಗಬಾರದು ಅಂತ ಸರ್ಕಾರ ಒಂದು ವ್ಯವಸ್ಥೆ ಮಾಡಿದೆ. 10 ವರ್ಷಕ್ಕೆ ಕಾಲಬದ್ಧ ಬಡ್ತಿ, 15ಕ್ಕೆ ಇನ್ನೊಂದು ಶ್ರೇಣಿ, ಆಮೇಲೆ 20, 25, 30 ವರ್ಷಕ್ಕೆ ಹೆಚ್ಚುವರಿ ಇನ್‌ಕ್ರಿಮೆಂಟ್. ಒಳ್ಳೆಯ ವ್ಯವಸ್ಥೆಯೇ. ಆದರೆ ನಿಜವಾದ ಬಡ್ತಿ ಸಿಕ್ಕಿತು ಅಂದರೆ ಈ ಎಣಿಕೆ ಅಲ್ಲಿಗೇ ನಿಂತಿತು. ಬಡ್ತಿ ಮುಖ್ಯ ಶಿಕ್ಷಕರಿಗೂ 15, 20, 25 ವರ್ಷದ ಸೌಲಭ್ಯ ಕೊಡಿ ಅಂತ ಶಿಕ್ಷಕರ ಸಂಘದವರು ಕೇಳುತ್ತಾ ಬಂದಿರುವುದು ಇದಕ್ಕೇ.

2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಸಂಬಳ ಬಂತು. ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಎಲ್ಲರ ಸಂಬಳವೂ ಏರಿತು ನಿಜ. ಆದರೆ ಎಲ್ಲರಿಗೂ ಏರಿದಾಗ ಇಬ್ಬರ ನಡುವಿನ ಏರುಪೇರು ಹಾಗೇ ಉಳಿಯುತ್ತದೆ, ಅಲ್ವಾ?

ಇದು ಬಡ್ತಿ ಸಿಕ್ಕವರ ಕಥೆ. ಇನ್ನು ಪ್ರಭಾರಿಗಳದು, ಅಂದರೆ ಬಡ್ತಿ ಇಲ್ಲದೆಯೇ ಮುಖ್ಯ ಶಿಕ್ಷಕರ ಕೆಲಸ ಹೊತ್ತವರದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯ ಶಾಲೆಯಲ್ಲಿ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಮಾತ್ರ ಮುಖ್ಯ ಶಿಕ್ಷಕರು ಇರಲೇಬೇಕು. 6ರಿಂದ 8ಕ್ಕೆ ಆ ಮಿತಿ 100. ನಮ್ಮ ಹಳ್ಳಿಯ ಶಾಲೆಗಳಲ್ಲಿ ಎಷ್ಟೋ ಕಡೆ ಇರುವುದೇ 20-30 ಮಕ್ಕಳು, ಇಬ್ಬರು ಶಿಕ್ಷಕರು. ಹಿರಿಯರಾದವರು ಪಾಠವನ್ನೂ ಮಾಡಿ ಶಾಲೆಯನ್ನೂ ನಡೆಸಬೇಕು. ರಾಜ್ಯ ನೌಕರರ ಸೇವಾ ನಿಯಮದಲ್ಲಿ (ಕೆಸಿಎಸ್‌ಆರ್) ಪ್ರಭಾರ ಭತ್ಯೆ ಅಂತ ಇದೆ. ಅದು ಖಾಲಿ ಹುದ್ದೆಯ ಪ್ರಭಾರಕ್ಕೆ. ಇಲ್ಲಿ ಹುದ್ದೆಯೇ ಮಂಜೂರಾಗಿಲ್ಲ, ಹಾಗಾಗಿ ಅದು ಖಾಲಿ ಅಂತ ತೋರಿಸುವುದಕ್ಕೂ ಆಗುವುದಿಲ್ಲ. ಭತ್ಯೆ ಎಲ್ಲಿಂದ ಬರಬೇಕು? ಸರ್ಕಾರಕ್ಕೆ ಉಳಿತಾಯ. ಬಜೆಟ್ ಪುಸ್ತಕದಲ್ಲಿ ಕಾಣದ ಉಳಿತಾಯ.

ಕೆಲಸವೇನು ಕಡಿಮೆಯೇ? ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್, ಶಾಲೆಯ ಅಂಕಿಅಂಶ ತುಂಬುವ ಯುಡೈಸ್, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಹಾಲಿನ ಪುಡಿ, ಅಕ್ಕಿ ಲೆಕ್ಕ, ಶೂ-ಸಾಕ್ಸ್ ಖರೀದಿ. 30 ಮಕ್ಕಳೊಳಗಿನ ಶಾಲೆಗೆ ಸಮಗ್ರ ಶಿಕ್ಷಾ ಅನುದಾನ ವರ್ಷಕ್ಕೆ 10,000 ರೂಪಾಯಿ. ಸೀಮೆಸುಣ್ಣ, ಫಿನಾಯಿಲ್, ಮುರಿದ ನಲ್ಲಿ, ಎಲ್ಲ ಅದರಲ್ಲೇ. 2024ರಲ್ಲಿ ಸರ್ಕಾರಿ ಶಾಲೆಗೆ ಕರೆಂಟ್, ನೀರು ಉಚಿತ ಮಾಡಿದ್ದು ದೊಡ್ಡ ಉಪಕಾರ. ಅದಕ್ಕೆ ಮೊದಲು ಮೀಟರ್ ಕಿತ್ತುಹಾಕುತ್ತಾರೆ ಅಂತ ಹೆದರಿ ಸ್ವಂತ ದುಡ್ಡಿನಲ್ಲಿ ಬಿಲ್ ಕಟ್ಟಿದವರನ್ನು ನಾನೇ ನೋಡಿದ್ದೇನೆ.

ಬಿಸಿಯೂಟದ ಮೊಟ್ಟೆಯ ಲೆಕ್ಕ ಕೇಳಿ. ಮೊಟ್ಟೆಗೆ 6 ರೂಪಾಯಿ ಅಂತ ನಿಗದಿಯಾಗಿತ್ತು. ಬೇಯಿಸುವ, ಸುಲಿಯುವ ಖರ್ಚೂ ಅದರಲ್ಲೇ ಬರಬೇಕಿತ್ತು. ಅಂಗಡಿಯಲ್ಲೇ ಆರೂವರೆ ಇದ್ದ ವಾರ 120 ಮಕ್ಕಳ ಶಾಲೆಗೆ ದಿನಕ್ಕೆ 60 ರೂಪಾಯಿ ಕೊರತೆ. ವಾರಕ್ಕೆ ಆರು ದಿನ, 360. ನಾನು ಹೇಳಿದ ಮೇಡಂ ಒಂದು ವರ್ಷದ ಮೇಲೆ ಮತ್ತೆ ಬಂದಾಗ ಚೀಲದಿಂದ 100 ಪುಟದ ನೋಟ್‌ಬುಕ್ ತೆಗೆದರು. ಕೆಂಪು ಪೆನ್ನಿನಲ್ಲಿ ದಿನದಿನದ ಕೊರತೆ ಬರೆದಿದ್ದರು. "ಇದಕ್ಕೆ ಯಾವ ಲೆಕ್ಕದ ಹೆಡ್‌ನಲ್ಲಿ ಬಿಲ್ ಮಾಡಲಿ ಸರ್?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಊಟ ಸೇರಲಿಲ್ಲ ನನಗೆ.

ದುಡ್ಡೆಲ್ಲಿದೆ ಅನ್ನುವ ಪ್ರಶ್ನೆ ನ್ಯಾಯವಾದದ್ದೇ. 2025-26ರ ಬಜೆಟ್‌ನಲ್ಲಿ ಶಿಕ್ಷಣಕ್ಕೆ 45,286 ಕೋಟಿ ಇಟ್ಟರು. ಅದರಲ್ಲಿ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಅದೇ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರಿಗೆ 2,000 ಏರಿಸಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ಸಿಕ್ಕಿದ್ದು ತಿಂಗಳಿಗೆ 12,000. ಮೊದಲು ಅವರ ಹೊಟ್ಟೆ ನೋಡಿ ಅಂದರೆ ನಾನೂ ಒಪ್ಪುತ್ತೇನೆ. ಆದರೆ ಮುಖ್ಯ ಶಿಕ್ಷಕರಿಗೆ ನಾನು ಕೇಳುತ್ತಿರುವುದು ದೊಡ್ಡ ಸಂಬಳವಲ್ಲ. ಶಾಲೆ ನಡೆಸುವ ಜವಾಬ್ದಾರಿಗೆ ಅಂತಲೇ ತಿಂಗಳಿಗೆ ಒಂದು ನಿಗದಿತ ಭತ್ಯೆ ಇರಲಿ. ಸರ್ವೀಸ್ ನೋಡಬೇಡಿ, ಬಡ್ತಿಯೋ ಪ್ರಭಾರವೋ ನೋಡಬೇಡಿ. ಆ ತಿಂಗಳು ಬೀರುವಿನ ಬೀಗದ ಕೈ ಯಾರ ಹತ್ತಿರ ಇತ್ತು, ಅವರಿಗೆ ಕೊಡಿ. ಮೊಟ್ಟೆಯ ದರವನ್ನು ಸಂತೆಯ ದರಕ್ಕೆ ತಕ್ಕಂತೆ ಬದಲಾಯಿಸಿ.

ಅಲ್ಲಿಯವರೆಗೆ ಪ್ರಭಾರ ಹೊತ್ತವರಿಗೆ ಒಂದು ಮಾತು. ಬಾಯಿಮಾತಿನ ಮೇಲೆ ಚಾರ್ಜ್ ತಗೊಳ್ಳಬೇಡಿ. ಬರಹದಲ್ಲಿ ಆದೇಶ ಕೇಳಿ, ಅದರಲ್ಲಿ ತಾರೀಖು ಇರಲಿ. ನಿಮ್ಮ ಶಾಲೆಗೆ ಮುಖ್ಯ ಶಿಕ್ಷಕರ ಹುದ್ದೆ ಮಂಜೂರಾಗಿದೆಯಾ ಅಂತ ಕಚೇರಿಯಲ್ಲಿ ವಿಚಾರಿಸಿ. ಆಗಿದ್ದರೆ ಪ್ರಭಾರ ಭತ್ಯೆಗೆ ಅರ್ಜಿ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ. ಸೇವಾ ಪುಸ್ತಕದಲ್ಲಿ ಪ್ರಭಾರದ ಅವಧಿ ನಮೂದಾಗಿದೆಯಾ ಅಂತ ವರ್ಷಕ್ಕೊಮ್ಮೆ ನೀವೇ ಕಣ್ಣಾರೆ ನೋಡಿ. ಮೊಟ್ಟೆಯ ನೋಟ್‌ಬುಕ್ ಎಸೆಯಬೇಡಿ. ಪ್ರತಿ ತಿಂಗಳು ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಆ ಕೊರತೆಯ ಮೊತ್ತ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ.