ಒಂದೇ ಗೆಲಾಕ್ಸಿಯಲ್ಲಿ ಎರಡು ಕಪ್ಪುಕುಳಿಗಳಿವೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಕಪ್ಪುಕುಳಿಯಿಂದ ಬೆಳಕೇ ಹೊರಬಾರದು ಎಂದಮೇಲೆ, ದೂರದ ಗೆಲಾಕ್ಸಿಯ ನಡುವೆ ಅಂಥವು ಎರಡಿವೆ ಎಂದು ಯಾವ ಆಧಾರದ ಮೇಲೆ ಹೇಳುತ್ತಾರೆ?

ಉತ್ತರ: ನಮಗೆ ಕಾಣುವುದು ಕುಳಿಯಲ್ಲ, ಅದರೊಳಕ್ಕೆ ಬೀಳುವ ಮುನ್ನ ಸುತ್ತ ಸುಳಿಯುತ್ತ ವಿಪರೀತ ಕಾಯುವ ಅನಿಲ, ಸಕ್ರಿಯ ಗೆಲಾಕ್ಸಿಗಳ ಕೇಂದ್ರ ಪ್ರಜ್ವಲಿಸುವುದು ಇದರಿಂದಲೇ. ಎರಡು ಗೆಲಾಕ್ಸಿಗಳು ಡಿಕ್ಕಿಯಾಗಿ ಬೆರೆತಾಗ ಎರಡರ ಕುಳಿಗಳೂ ಕ್ರಮೇಣ ನಡುವಿಗೆ ಇಳಿಯುತ್ತವೆ. ಎರಡಕ್ಕೂ ಅನಿಲ ಸಿಕ್ಕಿದರೆ ಎರಡು ಚುಕ್ಕೆಗಳು ಹೊಳೆಯಬೇಕು. ಎನ್‌ಜಿಸಿ 6240 ಎಂಬ ಗೆಲಾಕ್ಸಿಯಲ್ಲಿ ಸುಮಾರು 3,000 ಜ್ಯೋತಿರ್ವರ್ಷ ಅಂತರದ ಇಂಥ ಎರಡು ಎಕ್ಸ್-ಕಿರಣ ಚುಕ್ಕೆಗಳನ್ನು ‘ಚಂದ್ರಾ’ ಎಂಬ ಬಾಹ್ಯಾಕಾಶ ದೂರದರ್ಶಕ 2002ರಲ್ಲಿ ತೋರಿಸಿತು. 0402+379 ಎಂಬ ಗೆಲಾಕ್ಸಿಯಲ್ಲಿ ರೇಡಿಯೋ ದೂರದರ್ಶಕಗಳ ಜಾಲವು 24 ಜ್ಯೋತಿರ್ವರ್ಷ ಅಂತರದ ಜೋಡಿಯನ್ನೇ ಬಿಡಿಸಿ ತೋರಿಸಿದೆ. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕಡಿಮೆ.

ಇನ್ನೂ ಹತ್ತಿರವಾದರೆ ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಆಗ ಬೆಳಕಿನ ಏರಿಳಿತವೇ ಆಧಾರ. ಕರ್ಕಾಟಕ ರಾಶಿಯ ದಿಕ್ಕಿನಲ್ಲಿರುವ ಓಜೆ 287 ಎಂಬ ಗೆಲಾಕ್ಸಿ ಇದಕ್ಕೆ ಹೆಸರಾದ ಉದಾಹರಣೆ. ಬೇರಾವುದೋ ಉದ್ದೇಶಕ್ಕೆ ತೆಗೆದ, 19ನೆಯ ಶತಮಾನದ ಗಾಜಿನ ಫೋಟೋ ಫಲಕಗಳಲ್ಲೂ ಅದು ಸಿಕ್ಕಿಬಿದ್ದಿರುವುದರಿಂದ ನೂರು ವರ್ಷಕ್ಕೂ ಮೀರಿದ ದಾಖಲೆ ನಮಗಿದೆ. ಸುಮಾರು 12 ವರ್ಷಕ್ಕೊಮ್ಮೆ ಅದು ಜೋಡಿಯಾಗಿ ಭುಗಿಲೇಳುತ್ತದೆ. ಸೂರ್ಯನ 1,800 ಕೋಟಿ ಪಟ್ಟು ತೂಗುವ ಕುಳಿಯೊಂದರ ಅನಿಲದ ತಟ್ಟೆಯನ್ನು, 15 ಕೋಟಿ ಪಟ್ಟಿನ ಚಿಕ್ಕ ಕುಳಿ ಪ್ರತಿ ಸುತ್ತಿಗೆ ಎರಡು ಬಾರಿ ತೂರಿಹೋಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಇದೇ ಲೆಕ್ಕದ ಪ್ರಕಾರ 2019ರ ಜುಲೈ 31ರಂದು ಭುಗಿಲೇಳಬೇಕಿತ್ತು. ಭೂಮಿಯಿಂದ ನೋಡಿದರೆ ಅದು ಆಗ ಸೂರ್ಯನ ಮಗ್ಗುಲಲ್ಲಿ ಮರೆಯಾಗಿತ್ತು. ನಮ್ಮಿಂದ 25 ಕೋಟಿ ಕಿಲೋಮೀಟರ್ ಆಚೆಯಿದ್ದ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕಕ್ಕೆ ಮಾತ್ರ ಕಾಣುವಂತಿತ್ತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಸೇರಿದ್ದ ತಂಡದ ಆ ಲೆಕ್ಕಕ್ಕೂ ಭುಗಿಲು ಕಂಡ ಹೊತ್ತಿಗೂ ನಾಲ್ಕು ಗಂಟೆಗಳೊಳಗಿನ ವ್ಯತ್ಯಾಸವಷ್ಟೇ ಇತ್ತು.

ಆದರೆ 2022ರ ಅಕ್ಟೋಬರ್‌ನಲ್ಲಿ ನಿರೀಕ್ಷಿಸಿದ್ದ ಭುಗಿಲು ಕಾಣಲಿಲ್ಲ. ದೊಡ್ಡ ಕುಳಿಯ ತೂಕ ಸೂರ್ಯನ 10 ಕೋಟಿ ಪಟ್ಟಿನಷ್ಟೇ ಇರಬೇಕು ಎಂದು ಮತ್ತೊಂದು ತಂಡ ವಾದಿಸಿತು. ಜೋಡಿಯೇ ಇಲ್ಲವೆಂದು ಇದರಿಂದ ಸಾಬೀತಾಗುವುದಿಲ್ಲವಾದರೂ, 1,800 ಕೋಟಿಯ ಆ ಲೆಕ್ಕವನ್ನು ಇನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

2023ರ ಜೂನ್‌ನಲ್ಲಿ ಗಡಿಯಾರದಷ್ಟು ಕ್ರಮವಾಗಿ ರೇಡಿಯೋ ಮಿಡಿತ ಕಳಿಸುವ ಪಲ್ಸಾರ್ ನಕ್ಷತ್ರಗಳ ಮಿಡಿತವನ್ನು ಅಳೆದ ತಂಡಗಳು, ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಬಳಸಿದ ಭಾರತೀಯರೂ ಸೇರಿ, ಇಂಥ ಅಸಂಖ್ಯ ಜೋಡಿಗಳಿಂದ ಹೊಮ್ಮಿರಬಹುದಾದ ಗುರುತ್ವ ಅಲೆಗಳ (ದೇಶಕಾಲವನ್ನೇ ಹಿಗ್ಗಿಸಿ ಕುಗ್ಗಿಸಿ, ಆ ಮಿಡಿತದ ಹೊತ್ತನ್ನು ತುಸು ಏರುಪೇರಾಗಿಸುವ ಅಲೆಗಳ) ಸುಳಿವನ್ನು ಪ್ರಕಟಿಸಿದವು. ಅದರಲ್ಲಿ ಯಾವ ಅಲೆ ಯಾವ ಗೆಲಾಕ್ಸಿಯದು ಎಂದು ಬಿಡಿಸಿ ಹೇಳಲು ಇನ್ನೂ ಆಗಿಲ್ಲ.