ಪದ ಪರಿಚಯ: ಜಲವಿದ್ಯುತ್ ಕೇಂದ್ರದ ನವೀಕರಣ ಮತ್ತು ಸಾಮರ್ಥ್ಯವರ್ಧನೆ

ಹಳೆಯ ಜಲವಿದ್ಯುತ್ ಕೇಂದ್ರದ ಅಣೆಕಟ್ಟು, ಕಾಲುವೆ, ಸುರಂಗಗಳನ್ನು ಇದ್ದಂತೆಯೇ ಉಳಿಸಿಕೊಂಡು ಸವೆದ ಯಂತ್ರಭಾಗಗಳನ್ನು ಬದಲಿಸುವುದು ನವೀಕರಣ. ಅದರ ಜೊತೆಗೆ ಅದೇ ಯಂತ್ರ ಮೊದಲಿಗಿಂತ ಹೆಚ್ಚು ವಿದ್ಯುತ್ ಕೊಡುವಂತೆ ಮಾಡುವುದು ಸಾಮರ್ಥ್ಯವರ್ಧನೆ. ವಿದ್ಯುತ್ ವಲಯದವರು ಎರಡನ್ನೂ ಸೇರಿಸಿ ‘ಆರ್‌ಎಂಯು’ (ರೆನೊವೇಶನ್, ಮಾಡರ್ನೈಸೇಶನ್, ಅಪ್‌ರೇಟಿಂಗ್) ಎಂದು ಕರೆಯುತ್ತಾರೆ.

ಸಾಮರ್ಥ್ಯವರ್ಧನೆಯನ್ನು ವಿಸ್ತರಣೆಯೊಂದಿಗೆ ಬೆರೆಸಬಾರದು. ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಲೆಂದು 1902ರಲ್ಲಿ ಶಿವನಸಮುದ್ರದ ಕೇಂದ್ರ ಆರಂಭವಾದಾಗ ಅಲ್ಲಿದ್ದದ್ದು ತಲಾ 720 ಕಿಲೋವಾಟ್‌ನ 6 ಯಂತ್ರಗಳು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ವಿದ್ಯುತ್ ಸುಮಾರು 92 ಮೈಲಿಗಳ ತಂತಿಯಲ್ಲಿ ಹರಿದು ಗಣಿ ಮುಟ್ಟಿತು; ಅಷ್ಟು ಉದ್ದದ ಮಾರ್ಗ ಆಗ ಜಗತ್ತಿನಲ್ಲೇ ಅಪರೂಪ. ಇಂದು ಆ ಕೇಂದ್ರದ ಸಾಮರ್ಥ್ಯ 42 ಮೆಗಾವಾಟ್. ಈ ಬೆಳವಣಿಗೆಯ ಬಹುಪಾಲು ಹೊಸ ಯಂತ್ರಗಳನ್ನು ಕೂಡಿಸಿದ್ದರಿಂದ ಬಂದದ್ದು, ಆ ಯಂತ್ರಗಳಿಗೆ ವರ್ಷವಿಡೀ ನೀರು ಸಿಗುವಂತಾದದ್ದು ಕನ್ನಂಬಾಡಿ ಕಟ್ಟೆಯಿಂದ. ಇದು ವಿಸ್ತರಣೆ.

ಸಾಮರ್ಥ್ಯವರ್ಧನೆಗೆ ಸರಿಯಾದ ಉದಾಹರಣೆ ಜೋಗದಲ್ಲಿದೆ. ಸ್ವಾತಂತ್ರ್ಯದ ಹೊಸತರಲ್ಲಿ, 1948ರಲ್ಲಿ ಚಾಲನೆಗೊಂಡ ಇಂದಿನ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರದಲ್ಲಿ 12 ಮೆಗಾವಾಟ್‌ನ 4 ಮತ್ತು 18 ಮೆಗಾವಾಟ್‌ನ 4 ಘಟಕಗಳಿದ್ದವು. ಒಟ್ಟು 120 ಮೆಗಾವಾಟ್. ನವೀಕರಣದ ನಂತರ ಚಿಕ್ಕ ಘಟಕಗಳು 13.2 ಮೆಗಾವಾಟ್‌ಗೂ ದೊಡ್ಡವು 21.6 ಮೆಗಾವಾಟ್‌ಗೂ ಏರಿ, ಒಟ್ಟು ಸಾಮರ್ಥ್ಯ 139.2 ಮೆಗಾವಾಟ್ ಆಯಿತು. ಘಟಕಗಳ ಸಂಖ್ಯೆ ಎಂಟೇ, ಆದರೆ ಸಾಮರ್ಥ್ಯ ಶೇ 16ರಷ್ಟು ಹೆಚ್ಚು. ಒಂದು ಗುಂಟೆ ಕಾಡೂ ಹೊಸದಾಗಿ ಮುಳುಗದೆ ಇಂಥದ್ದೊಂದು ಗಳಿಕೆ ಸಾಧ್ಯವಾಗುತ್ತದೆ ಎಂಬುದು, ಅಣೆಕಟ್ಟುಗಳಿಗಾಗಿ ಊರು ಬಿಟ್ಟ ಕುಟುಂಬಗಳಿರುವ ಮಲೆನಾಡಿನಲ್ಲಿ ಸಣ್ಣ ಮಾತಲ್ಲ.

ಅದೇ ಜಾಗದಲ್ಲಿ ಕುಳಿತ ಯಂತ್ರ ಹೆಚ್ಚು ವಿದ್ಯುತ್ ಕೊಡುವುದು ಹೇಗೆ? ಮುಖ್ಯ ಗುಟ್ಟು ಜನರೇಟರಿನ ಸುರುಳಿಯಲ್ಲಿದೆ. ಹಳೆಯ ಜನರೇಟರುಗಳಲ್ಲಿ ತಾಮ್ರದ ಪಟ್ಟಿಗಳಿಗೆ ಅಭ್ರಕ ಮತ್ತು ಡಾಂಬರಿನಂಥ ಬಿಟುಮೆನ್ ಸೇರಿಸಿದ ದಪ್ಪ ಹೊದಿಕೆ ಇರುತ್ತಿತ್ತು. ದಶಕಗಳ ಕಾವಿನಲ್ಲಿ ಅದು ಒಣಗಿ, ಸಡಿಲಗೊಂಡು, ಒಳಗೆ ಪೊಳ್ಳಾಗುತ್ತದೆ. ಆ ಪೊಳ್ಳುಗಳಲ್ಲಿ ಕಿರುಕಿಡಿಗಳು ಹುಟ್ಟಿ ಹೊದಿಕೆಯನ್ನು ಇನ್ನಷ್ಟು ತಿನ್ನುತ್ತವೆ. ಈಗ ಬಳಸುವ ಅಭ್ರಕ ಮತ್ತು ಎಪಾಕ್ಸಿ ರಾಳದ ಹೊದಿಕೆ ತೆಳುವಾಗಿದ್ದೂ ಹೆಚ್ಚು ಶಾಖ ತಾಳಿಕೊಳ್ಳುತ್ತದೆ: ಹಿಂದಿನ ‘ಬಿ’ ವರ್ಗದ ಮಿತಿ 130 ಡಿಗ್ರಿ ಸೆಲ್ಸಿಯಸ್ ಇದ್ದರೆ, ಈಗಿನ ‘ಎಫ್’ ವರ್ಗದ್ದು 155. ಹೊದಿಕೆ ತೆಳುವಾದಷ್ಟೂ ಪಟ್ಟಿ ಕೂರುವ ಅದೇ ಸೀಳಿನಲ್ಲಿ ಹೆಚ್ಚು ತಾಮ್ರ ಹಿಡಿಯುತ್ತದೆ. ತಾಮ್ರ ಹೆಚ್ಚಿದರೆ ಹೆಚ್ಚು ವಿದ್ಯುತ್ ಪ್ರವಾಹವನ್ನು ಹೊರಬಲ್ಲದು. ಟರ್ಬೈನಿನ ಕಡೆಯೂ ಸುಧಾರಣೆ ಆಗುತ್ತದೆ. ಹೂಳುನೀರಿನ ಉಜ್ಜಿನಿಂದ ಬಟ್ಟಲುಗಳು ಸವೆದು, ಬುಡದಲ್ಲಿ ಬಿರುಕು ಬಿಟ್ಟ ಹಳೆಯ ಪೆಲ್ಟನ್ ಚಕ್ರದ (ಅಂಚಿನ ಬಟ್ಟಲುಗಳಿಗೆ ನೀರಿನ ಧಾರೆ ಬಡಿದು ತಿರುಗುವ ಚಕ್ರ) ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಆಕಾರ ಕೊಟ್ಟ ಸ್ಟೇನ್‌ಲೆಸ್ ಸ್ಟೀಲಿನ ಚಕ್ರ ಬರುತ್ತದೆ. ವೇಗ ನಿಯಂತ್ರಕ, ಜನರೇಟರಿಗೆ ಕಾಂತಬಲ ಕೊಡುವ ಪ್ರಚೋದಕ, ದೋಷ ಕಂಡರೆ ಯಂತ್ರವನ್ನು ಬೇರ್ಪಡಿಸುವ ರಕ್ಷಣಾ ರಿಲೇಗಳು ಡಿಜಿಟಲ್ ಆಗುತ್ತವೆ.

ಇಲ್ಲೊಂದು ತಪ್ಪು ಗ್ರಹಿಕೆಯನ್ನು ಸ್ಪಷ್ಟವಾಗಿ ಬಿಡಿಸಬೇಕು. ಮೆಗಾವಾಟ್ ಶೇ 16ರಷ್ಟು ಏರಿತೆಂದರೆ ವರ್ಷದ ಯೂನಿಟ್ಟುಗಳೂ ಶೇ 16ರಷ್ಟು ಏರಿದವು ಎಂದು ಅರ್ಥವಲ್ಲ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 100 ಮೀಟರ್ ಎತ್ತರದಿಂದ ಬಿದ್ದರೆ ಸಿಗಬಹುದಾದ ಶಕ್ತಿ 981 ಕಿಲೋವಾಟ್. ಯಂತ್ರದ ದಕ್ಷತೆ ಶೇ 85 ಇದ್ದರೆ ಅದರಲ್ಲಿ ಸುಮಾರು 834 ಕಿಲೋವಾಟ್ ಕೈಗೆ ಸಿಗುತ್ತದೆ, ಶೇ 90 ಇದ್ದರೆ ಸುಮಾರು 883. ಅಷ್ಟೇ ನೀರಿನಿಂದ ನಿಜವಾಗಿ ಹೆಚ್ಚುವುದು ಇಷ್ಟು ಮಾತ್ರ. ಉಳಿದ ಏರಿಕೆಗೆ ಪ್ರತಿ ಸೆಕೆಂಡಿಗೆ ಹೆಚ್ಚು ನೀರು ಬೇಕು, ಆದ್ದರಿಂದ ಜಲಾಶಯ ಅಷ್ಟು ಬೇಗ ಇಳಿಯುತ್ತದೆ. ಹಾಗಾದರೆ ಹೆಚ್ಚುವರಿ ಮೆಗಾವಾಟ್‌ಗೆ ಬೆಲೆ ಇಲ್ಲವೇ ಎಂದರೆ, ಖಂಡಿತ ಇದೆ. ಸಂಜೆ ಬೇಡಿಕೆ ಉಕ್ಕುವ ಹೊತ್ತಿಗೆ ಬಲವಾಗಿ ಓಡಿಸಿ ಉಳಿದ ಹೊತ್ತು ನೀರು ಉಳಿಸಬಹುದು. ಕಟ್ಟೆ ತುಂಬಿ ಕೋಡಿ ಬಿದ್ದು ವ್ಯರ್ಥವಾಗುವ ಮಳೆಗಾಲದ ನೀರಿನ ಒಂದಿಷ್ಟು ಭಾಗವನ್ನು ಯಂತ್ರಕ್ಕೆ ತಿರುಗಿಸಬಹುದು. ಸರ್ಕಾರದ ಪ್ರಕಟಣೆಗಳು ಮೆಗಾವಾಟ್ ಒಂದನ್ನೇ ದೊಡ್ಡದಾಗಿ ಹೇಳುವ ಬದಲು ಮೆಗಾವಾಟ್ ಮತ್ತು ವರ್ಷದ ಯೂನಿಟ್ಟು ಎಂಬ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಕೊಟ್ಟರೆ ಓದುವವರಿಗೆ ನ್ಯಾಯವಾಗುತ್ತದೆ.

ಜಲವಿದ್ಯುತ್ ಯಂತ್ರಗಳ ಆಯುಷ್ಯವನ್ನು ಸಾಮಾನ್ಯವಾಗಿ 30ರಿಂದ 35 ವರ್ಷ ಎಂದು ಎಣಿಸುತ್ತಾರೆ, ಆದರೆ ಕಲ್ಲು-ಗಾರೆಯ ಕಾಮಗಾರಿ ಅದರ ಎರಡು ಮೂರು ಪಟ್ಟು ಬಾಳಬಲ್ಲದು. ಹೊಸ ಯೋಜನೆಗಿಂತ ನವೀಕರಣ ಅಗ್ಗವಾಗುವುದು ಈ ಕಾರಣಕ್ಕೇ. ಆದರೂ ಕೆಲಸಕ್ಕೆ ಕೈಹಾಕುವ ಮೊದಲು ‘ಉಳಿದ ಆಯುಷ್ಯದ ಅಧ್ಯಯನ’ ನಡೆಯಬೇಕು. ನೀರು ಇಳಿಯುವ ಪೆನ್‌ಸ್ಟಾಕ್ ಕೊಳವೆಯ ಉಕ್ಕು ಎಷ್ಟು ಸವೆದಿದೆ ಎಂಬುದನ್ನು ಶ್ರವಣಾತೀತ ತರಂಗಗಳಿಂದ ಅಳೆಯುತ್ತಾರೆ. ಜನರೇಟರಿನ ಶಾಫ್ಟಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳನ್ನು ಹುಡುಕುತ್ತಾರೆ. ಹೆಚ್ಚು ನೀರು ಹರಿಯುತ್ತಿರುವಾಗ ಗ್ರಿಡ್ಡಿನ ಸಂಪರ್ಕ ಥಟ್ಟನೆ ತಪ್ಪಿದರೆ, ಯಂತ್ರ ಮಿತಿಮೀರಿ ತಿರುಗದಂತೆ ನೀರನ್ನು ತಡೆಯಬೇಕಾಗುತ್ತದೆ; ತಡೆಯುವ ವೇಗಕ್ಕೆ ತಕ್ಕಂತೆ ಕೊಳವೆಯೊಳಗೆ ಒತ್ತಡ ಏರುತ್ತದೆ. ಆ ಏರಿಕೆಯನ್ನು ಹಳೆಯ ಕೊಳವೆ ತಾಳದೆಂದು ಲೆಕ್ಕ ತೋರಿಸಿದರೆ, ಜನರೇಟರ್ ಎಷ್ಟೇ ಹೊಸದಿರಲಿ, ಸಾಮರ್ಥ್ಯವರ್ಧನೆಯನ್ನು ಕೈಬಿಟ್ಟು ನವೀಕರಣಕ್ಕಷ್ಟೇ ನಿಲ್ಲಿಸಬೇಕಾಗುತ್ತದೆ.