ಎರಡು ಕೂಸು ಸರಿ, ಮಾಸು ಎಷ್ಟು?

ಹೋದ ವಾರ ಮುಧೋಳ ಕಡೆಯ ಹಳ್ಳಿಯಿಂದ ಅತ್ತೆ-ಸೊಸೆ ಬಂದಿದ್ದರು. ಸೊಸೆಗೆ ಐದರಲ್ಲಿ. ಕುರ್ಚಿಯಲ್ಲಿ ಕೂರುವ ಮೊದಲೇ ಅತ್ತೆ ಶುರು ಮಾಡಿದರು: "ಜೋಡಿ ಅದಾವಂತ್ರಿ ಮೇಡಂ. ಬ್ಯಾಡ ಬ್ಯಾಡ ಅಂದ್ರೂ ಜೋಡ ಬಾಳೆಹಣ್ಣ ತಿಂದ್ಲು ನೋಡ್ರಿ." ಸೊಸೆ ತಲೆ ತಗ್ಗಿಸಿ ಕೂತಳು, ತಪ್ಪು ಮಾಡಿದವಳ ಹಾಗೆ.

"ಹಣ್ಣಿಗೂ ಇದಕ್ಕೂ ಏನೂ ಸಂಬಂಧ ಇಲ್ರಿ ಅಮ್ಮಾರ. ಆಕಿಗೆ ಈಗ ಇನ್ನೂ ಜಾಸ್ತಿ ತಿನ್ನಾಕ ಕೊಡ್ರಿ" ಅಂದು ಸ್ಕ್ಯಾನ್ ರಿಪೋರ್ಟ್ ತೆರೆದೆ. ಎರಡೂ ಕೂಸಿನ ಅಳತೆ ಇತ್ತು, ಎರಡರ ಹೃದಯ ಬಡಿತವೂ ಇತ್ತು. ನಾನು ಹುಡುಕುತ್ತಿದ್ದ ಒಂದು ಮಾತು ಮಾತ್ರ ಇರಲಿಲ್ಲ. ಮಾಸು, ಅಂದರೆ ಪ್ಲಾಸೆಂಟಾ, ಒಂದೋ, ಎರಡೋ?

ಬಾಗಲಕೋಟೆಯಲ್ಲಿ ಇಷ್ಟು ವರ್ಷ ಹೆರಿಗೆ ಮಾಡಿಸಿದ ಮೇಲೆ ಅವಳಿ-ಜವಳಿ ಅಂದ ತಕ್ಷಣ ನನ್ನ ಬಾಯಿಗೆ ಬರುವ ಮೊದಲ ಪ್ರಶ್ನೆ ಇದೇ.

ಅವಳಿಗಳು ಈಗ ಜಾಸ್ತಿ ಆಗಿವೆಯಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, ಜಗತ್ತಿನಲ್ಲೇ ಜಾಸ್ತಿ ಆಗಿವೆ. 1980ರ ಸುಮಾರಿಗೆ ಸಾವಿರ ಹೆರಿಗೆಗೆ 9 ಅವಳಿ ಹೆರಿಗೆ ಆಗುತ್ತಿದ್ದವು. 2010ರ ನಂತರ ಅದು 12ಕ್ಕೆ ಏರಿದೆ. ವರ್ಷಕ್ಕೆ ಸುಮಾರು 16 ಲಕ್ಷ ಜೋಡಿ ಹುಟ್ಟುತ್ತವೆ. ಆದರೆ ಒಂದೇ ತತ್ತಿ ಎರಡಾಗಿ ಒಡೆದು ಹುಟ್ಟುವ, ತದ್ರೂಪಿ ಅವಳಿಗಳ ಲೆಕ್ಕ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ಸಾವಿರಕ್ಕೆ ನಾಲ್ಕು. ಹೆಚ್ಚಾಗಿರುವುದು ಎರಡು ಬೇರೆ ಬೇರೆ ತತ್ತಿಯ ಅವಳಿಗಳು. ತಾಯಿಯ ವಯಸ್ಸು ಮೂವತ್ತು ದಾಟಿದಂತೆ ಒಂದೇ ತಿಂಗಳಲ್ಲಿ ಎರಡು ತತ್ತಿ ಬಿಡುಗಡೆ ಆಗುವುದು ಹೆಚ್ಚು. ತಾಯಿಯ ತವರಿನಲ್ಲಿ ಇಂಥ ಅವಳಿಗಳಿದ್ದರೂ ಸಾಧ್ಯತೆ ಹೆಚ್ಚು. ಇದರ ಮೇಲೆ ಬಂಜೆತನದ ಚಿಕಿತ್ಸೆ ಬಂತು. ಐವಿಎಫ್‌ನಲ್ಲಿ ಎರಡು ಭ್ರೂಣ ಇಟ್ಟರೆ ಎರಡೂ ನಿಲ್ಲಬಹುದು.

ಐವಿಎಫ್‌ಗಿಂತ ನನಗೆ ಹೆಚ್ಚು ಚಿಂತೆ ಇರುವುದು ತತ್ತಿ ಬೆಳೆಸುವ ಗುಳಿಗೆಗಳ ಬಗ್ಗೆ. ಕ್ಲೋಮಿಫೀನ್ ತಗೊಂಡು ಬಸುರಿ ಆದವರಲ್ಲಿ ನೂರಕ್ಕೆ ಐದರಿಂದ ಎಂಟು ಮಂದಿಗೆ ಅವಳಿ ಆಗುತ್ತದೆ. ಸ್ಕ್ಯಾನ್ ಮಾಡಿ, ಎಷ್ಟು ತತ್ತಿ ಬೆಳೆದಿವೆ ನೋಡಿ ಕೊಡಬೇಕಾದ ಔಷಧ ಅದು. "ನಾದಿನಿಗೆ ಕೆಲಸ ಮಾಡಿತ್ರಿ" ಅಂತ ಅವಳ ಹಳೇ ಚೀಟಿ ತೋರಿಸಿ ಅಂಗಡಿಯಿಂದ ತಂದು ನುಂಗಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಮಾಸಿನ ವಿಷಯ. ತಾಯಿಯ ರಕ್ತದಿಂದ ಕೂಸಿಗೆ ಊಟ, ಉಸಿರು ಎರಡನ್ನೂ ತಲುಪಿಸುವುದು ಮಾಸು. ಎರಡು ತತ್ತಿಯ ಅವಳಿಗಳಿಗೆ ತಮ್ಮ ತಮ್ಮ ಮಾಸು ಇರುತ್ತದೆ. ಬೇರೆ ಬೇರೆ ತಾಟು, ಬೇರೆ ಬೇರೆ ಊಟ. ತದ್ರೂಪಿಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜೋಡಿಗಳು ಒಂದೇ ಮಾಸಿನಲ್ಲಿ ಹಂಚಿಕೊಂಡು ಉಣ್ಣುತ್ತವೆ. ಆ ಮಾಸಿನೊಳಗೆ ಇಬ್ಬರ ರಕ್ತನಾಳಗಳೂ ಕೂಡಿಕೊಂಡಿರುತ್ತವೆ. ಇಂಥ ನೂರು ಬಸಿರಿನಲ್ಲಿ ಹತ್ತರಿಂದ ಹದಿನೈದರಲ್ಲಿ ಒಂದು ಕೂಸಿನ ರಕ್ತ ಇನ್ನೊಂದರ ಕಡೆಗೇ ಹರಿಯತೊಡಗುತ್ತದೆ. ಕೊಡುವ ಕೂಸು ಸೊರಗುತ್ತದೆ, ಅದರ ಸುತ್ತಲಿನ ನೀರು ಬತ್ತುತ್ತದೆ. ತಗೊಳ್ಳುವ ಕೂಸಿನ ಹೃದಯ ಆ ಭಾರ ತಾಳದೆ ಸೋಲುತ್ತದೆ. ಸುಮ್ನೆ ಬಿಟ್ಟರೆ ಎರಡೂ ಉಳಿಯುವುದು ಕಷ್ಟ.

ಮಾಸು ಒಂದೇ ಇದೆ ಅಂತ ಮೊದಲೇ ಗೊತ್ತಿದ್ದರೆ 16ನೇ ವಾರದಿಂದ ಎರಡೆರಡು ವಾರಕ್ಕೆ ಸ್ಕ್ಯಾನ್ ಮಾಡಿ ಕಾಯುತ್ತೇವೆ. ತೊಂದರೆ ಕಂಡರೆ ದುರ್ಬೀನು ಇಳಿಸಿ, ಕೂಡಿಕೊಂಡ ನಾಳಗಳನ್ನು ಲೇಸರ್‌ನಿಂದ ಮುಚ್ಚುವ ಚಿಕಿತ್ಸೆ ಇದೆ. ಸಾಮಾನ್ಯವಾಗಿ 16ರಿಂದ 26 ವಾರದೊಳಗೆ ಮಾಡುತ್ತಾರೆ. ಅದು ದೊಡ್ಡ ಊರುಗಳ ಕೆಲವೇ ಕಡೆ ಸಿಗುತ್ತದೆ, ಹೋಗಲು ಸಮಯ ಬೇಕು.

ಮಾಸಿನ ಲೆಕ್ಕ ಸ್ಪಷ್ಟವಾಗಿ ಸಿಗುವುದು 11ರಿಂದ 14 ವಾರದ ಒಳಗೆ, ಅಂದರೆ ಮೂರು ತಿಂಗಳು ತುಂಬುವ ಹೊತ್ತಿಗೆ. ಆಗ ಎರಡು ಚೀಲಗಳ ನಡುವಿನ ಪರದೆ ಮಾಸಿಗೆ ಸೇರುವ ಜಾಗ ನೋಡುತ್ತೇವೆ. ಅಲ್ಲಿ ಬೆಣೆ ಹೊಡೆದ ಹಾಗೆ ದಪ್ಪಗಿದ್ದರೆ ಮಾಸು ಎರಡು. ತೆಳ್ಳಗೆ ನೇರವಾಗಿ ಬಂದು ತಾಗಿದ್ದರೆ ಒಂದು. ದಿನ ಹೋದಂತೆ ಆ ಬೆಣೆ ಮಾಸಿಹೋಗುತ್ತದೆ, ಎರಡು ಮಾಸುಗಳೂ ಅಂಟಿಕೊಂಡು ಒಂದೇ ಅನ್ನಿಸುತ್ತವೆ. ಬೇರೆ ದೇಶಗಳಲ್ಲಾದರೆ ತಡವಾಗಿ ಬಂದವರಲ್ಲಿ ಒಂದು ಗಂಡು, ಒಂದು ಹೆಣ್ಣು ಕಂಡರೆ ಮಾಸು ಎರಡು ಅಂತ ಬರೆಯುತ್ತಾರೆ. ನಮ್ಮಲ್ಲಿ 1994ರ ಕಾನೂನು ಪ್ರಕಾರ ಲಿಂಗ ಪತ್ತೆ ಮಾಡುವ ಹಾಗಿಲ್ಲ. ಆ ಕಾನೂನು ಬೇಕೇ ಬೇಕು. ಅದಕ್ಕೇ ಮೂರನೇ ತಿಂಗಳ ಸ್ಕ್ಯಾನ್ ನಮಗೆ ಇನ್ನೂ ಮುಖ್ಯ.

ನಮ್ಮ ಕಡೆ ಅದೇ ತಪ್ಪಿಹೋಗುತ್ತದೆ. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗ್ ಹೊರಡುತ್ತದೆ. ಎರಡು ತಿಂಗಳ ಬಸುರಿಯೂ ಗಂಡನ ಜತೆ ಟ್ರ್ಯಾಕ್ಟರ್ ಹತ್ತುತ್ತಾಳೆ. ವಾಪಸ್ ಬರುವಷ್ಟರಲ್ಲಿ ಬೇಸಿಗೆ. ಹಾಗೆ ಬಂದ ಒಬ್ಬಳನ್ನು ನಾನು ಮರೆತಿಲ್ಲ. ಎಲ್ಲೋ ಒಂದು ಕಡೆ ಸ್ಕ್ಯಾನ್ ಆಗಿತ್ತು, ರಿಪೋರ್ಟಿನಲ್ಲಿ 'ಅವಳಿ' ಅಂತ ಮಾತ್ರ ಇತ್ತು. ಎಂಟೇ ದಿನದಲ್ಲಿ ಹೊಟ್ಟೆ ಬಿಗಿದು ದೊಡ್ಡದಾಗಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಜೋಡಿ ಅಂದಮೇಲೆ ಹೊಟ್ಟೆ ದೊಡ್ಡದೇ ಇರುತ್ತೆ ಅಲ್ವಾ ಅಂತ ಮನೆಯವರು ಸುಮ್ಮನಿದ್ದರು. ಆಕೆ ನಮ್ಮಲ್ಲಿಗೆ ಮುಟ್ಟಿದಾಗ ಒಂದು ಹೃದಯ ನಿಂತಿತ್ತು. ಮೂರನೇ ದಿನ ಇನ್ನೊಂದೂ ನಿಂತಿತು. ಅವಳಿ ಬಸುರಿಯ ಹೊಟ್ಟೆ ಒಂದೇ ವಾರದಲ್ಲಿ ಹಠಾತ್ತಾಗಿ ಬಿಗಿದರೆ ಅದೇ ದಿನ ಹೊರಡಿ.

ಮಾಸು ಎರಡಿದ್ದರೆ ನಾಲ್ಕು ವಾರಕ್ಕೊಂದು ಸ್ಕ್ಯಾನ್ ಸಾಕು. ರಕ್ತ ಕಡಿಮೆಯಾಗುವುದು, ಬಿಪಿ ಏರುವುದು ಎಲ್ಲ ಅವಳಿಗಳಲ್ಲೂ ಜಾಸ್ತಿ. ತಾಯಿ ಕಾರ್ಡ್ ಹಿಡಿದು ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗೆ ಹೋದರೆ ತಪಾಸಣೆ ಉಚಿತ. ಎಲ್ಲ ಸರಿಯಿದ್ದರೆ ಎರಡು ಮಾಸಿನವರಿಗೆ 37 ವಾರ ತುಂಬಿದ ಮೇಲೆ, ಒಂದು ಮಾಸಿನವರಿಗೆ 36ರ ನಂತರ ಹೆರಿಗೆ ಮಾಡಿಸುತ್ತೇವೆ. ಅರ್ಧಕ್ಕೂ ಹೆಚ್ಚು ಅವಳಿಗಳು 37ರ ತನಕ ಕಾಯುವುದೇ ಇಲ್ಲ. 34 ವಾರದೊಳಗೆ ನೋವು ಶುರುವಾದರೆ ಕೂಸುಗಳ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ಇದರ ಬಗ್ಗೆ ಐದು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನ 2020ರಲ್ಲಿ ಬಂತು. ನಮ್ಮ ಪಕ್ಕದ ಬೆಳಗಾವಿಯೂ ಅದರಲ್ಲಿತ್ತು. ಇಂಜೆಕ್ಷನ್ ಸಿಕ್ಕ ತಾಯಂದಿರ ಕೂಸುಗಳ ಸಾವು ನೂರಕ್ಕೆ 23.5ರಿಂದ 19.6ಕ್ಕೆ ಇಳಿದಿತ್ತು.

ಅವಳಿ ಅಂದರೆ ಆಪರೇಷನ್ನೇ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಮೊದಲ ಕೂಸಿನ ತಲೆ ಕೆಳಗಿದ್ದು, ಬೇರೆ ತೊಂದರೆ ಇಲ್ಲದಿದ್ದರೆ ನಾರ್ಮಲ್ ಹೆರಿಗೆಗೆ ಕಾಯಬಹುದು. ಅಂಥ ತಾಯಂದಿರಲ್ಲಿ ಮೊದಲೇ ಆಪರೇಷನ್ ಗೊತ್ತು ಮಾಡಿದ್ದರಿಂದ ಕೂಸುಗಳಿಗೆ ಹೆಚ್ಚಿನ ಲಾಭ ಆಗಲಿಲ್ಲ ಅಂತ 2013ರಲ್ಲಿ 25 ದೇಶಗಳ ಅಧ್ಯಯನ ತೋರಿಸಿತು. ಆದರೆ ಆಪರೇಷನ್ ಕೋಣೆ, ರಕ್ತ, ಮಕ್ಕಳ ಡಾಕ್ಟರು ಕೈಗೆಟುಕುವ ಕಡೆಯೇ ಆಗಬೇಕು.

ನನಗೆ ಉಸಿರು ಬಿಗಿಹಿಡಿಯುವಂತಾಗುವುದು ಮೊದಲ ಕೂಸು ಅತ್ತ ಮೇಲಿನ ನಿಮಿಷಗಳು. ಮೊದಲ ಹೊಕ್ಕುಳಬಳ್ಳಿಗೆ ಒಂದು ಕ್ಲಾಂಪ್. ಒಬ್ಬ ಸಿಸ್ಟರ್ ಹೊಟ್ಟೆಯ ಎರಡೂ ಬದಿ ಕೈಯಿಟ್ಟು ಎರಡನೇ ಕೂಸು ಅಡ್ಡ ತಿರುಗದಂತೆ ಹಿಡಿದಿರುತ್ತಾರೆ. ಇಷ್ಟು ದಿನ ಇಕ್ಕಟ್ಟಿನಲ್ಲಿದ್ದದ್ದಕ್ಕೆ ಒಮ್ಮೆಲೇ ಜಾಗ ಸಿಕ್ಕಿರುತ್ತದೆ, ಅದು ಎತ್ತ ಬೇಕಾದರೂ ಹೊರಳೀತು. ಇನ್ನೊಬ್ಬರು ಅದರ ಹೃದಯ ಬಡಿತ ಕೇಳುತ್ತಿರುತ್ತಾರೆ. ಎರಡನೆಯದು ಬಂದರೆ ಅದರ ಬಳ್ಳಿಗೆ ಎರಡು ಕ್ಲಾಂಪ್, ಯಾವುದು ಮೊದಲು ಅಂತ ಗೊತ್ತಾಗಲಿ ಅಂತ. ರಕ್ತಸ್ರಾವ ತಡೆಯುವ ಇಂಜೆಕ್ಷನ್ ಆಮೇಲೆಯೇ. ಹೊಸ ಸಿಸ್ಟರ್‌ಗಳಿಗೆ ಹೇಳುತ್ತಲೇ ಇರುತ್ತೇನೆ: ಒಂದೇ ಕೂಸು ಅಂತ ಬರೆದಿದ್ದರೂ, ಹೊಟ್ಟೆ ಮುಟ್ಟಿ ಒಳಗೆ ಇನ್ನೊಂದಿಲ್ಲ ಅಂತ ನೋಡದೆ ಆ ಇಂಜೆಕ್ಷನ್ ಕೊಡಬೇಡಿ.

ಮುಧೋಳದ ಸೊಸೆಗೆ ಮತ್ತೆ ಸ್ಕ್ಯಾನ್ ಮಾಡಿದೆ. ಅದೃಷ್ಟಕ್ಕೆ ಎರಡು ಮಾಸು ಬೇರೆ ಬೇರೆ ಗೋಡೆಗೆ ಅಂಟಿದ್ದವು, ಒಂದು ಮುಂದೆ, ಒಂದು ಹಿಂದೆ. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ "ಅವಳಿ, ಮಾಸು ಎರಡು" ಅಂತ ಬರೆದೆ. ಅತ್ತೆಗೂ ಒಂದು ಕೆಲಸ ಹೇಳಿದೆ. ಕೂಸುಗಳು ಸಣ್ಣ ತೂಕದವು ಆದರೆ ಬರೀ ಮೈಗೆ ಅಪ್ಪಿಕೊಂಡೇ ಬೆಚ್ಚಗಿಡಬೇಕು, ಒಂದನ್ನು ತಾಯಿ, ಇನ್ನೊಂದನ್ನು ಅಜ್ಜಿ.

ಅವರು ಉಟ್ಟ ಇಳಕಲ್ ಸೀರೆಯ ಸೆರಗನ್ನು ಎದೆಗೆ ಸುತ್ತಿ ತೋರಿಸಿದರು. "ಹಿಂಗ ಹಿಡಿದ್ರ ಸಾಕೇನ್ರಿ?"

"ಸಾಕ್ರಿ ಅಮ್ಮಾರ. ಹಿಂಗ."